ಸೇವಂತಿಗೆಗೆ ಬೇಕಾದ ಕತ್ತಲೆ

ಮದ್ದೂರಿನ ಓದುಗರೊಬ್ಬರು ಕೇಳಿದ್ದಾರೆ: ಒಂದೇ ತಾಯಿಗಿಡದಿಂದ ಕಿತ್ತ ಸೇವಂತಿಗೆ ಕಂದುಗಳನ್ನು ಮನೆ ಸುತ್ತ ನೆಟ್ಟಿದ್ದೆವು. ಹಿತ್ತಿಲಿನವು ದೀಪಾವಳಿ ಹೊತ್ತಿಗೆ ಮೈತುಂಬ ಹೂ ಬಿಟ್ಟವು. ಗೇಟಿನ ಪಕ್ಕದವು ಸೊಂಪಾಗಿ ಬೆಳೆದಿವೆ, ಒಂದು ಮೊಗ್ಗೂ ಇಲ್ಲ. ಗೊಬ್ಬರ ಹಾಕಿದ್ದಾಯಿತು, ಹೂ ಬರಿಸುವ ಟಾನಿಕ್ಕೂ ಸಿಂಪಡಿಸಿದ್ದಾಯಿತು. ಯಾವುದರ ಕೊರತೆ?

ಅವರ ಪತ್ರದಲ್ಲೇ ಉತ್ತರವೂ ಇದೆ. ಗೇಟಿನ ಎದುರಿನ ಕಂಬಕ್ಕೆ ಹೊಸ ಎಲ್‌ಇಡಿ ದೀಪ ಬಂದು ರಾತ್ರಿಯೆಲ್ಲ ಉರಿಯುತ್ತಿದೆಯಂತೆ. ಆ ಗಿಡಗಳಿಗೆ ಕೊರತೆಯಾಗಿರುವುದು ಕತ್ತಲೆ. ಯಾವ ಬಾಟಲಿಯಲ್ಲೂ ಅದು ಸಿಗುವುದಿಲ್ಲ. ಹೂ ಬರಿಸುತ್ತೇವೆಂದು ಮಾರುವ ದ್ರಾವಣಗಳ ಮೇಲೆ ಜನ ಸುರಿಯುವ ದುಡ್ಡು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮದ್ದೂರು ಸೇರಿದ ಮಂಡ್ಯ ಸೀಮೆ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಗೆ ಇಲ್ಲಿ ಹಗಲು ಹೆಚ್ಚುಕಡಿಮೆ 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಗೆ 11 ಗಂಟೆ 25 ನಿಮಿಷ. ವರ್ಷವಿಡೀ ಸೇರಿ ವ್ಯತ್ಯಾಸ ಒಂದೂವರೆ ಗಂಟೆಯೂ ಇಲ್ಲ. ನಮ್ಮ ಗಮನಕ್ಕೇ ಬಾರದ ಈ ಏರಿಳಿತವನ್ನು ಗಿಡ ಅಳೆಯುತ್ತದೆ. ಕಬ್ಬು ಬೆಳೆಯುವವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ: ಮಳೆಗಾಲ ಮುಗಿಯುವ ಹೊತ್ತಿಗೆ ಹಗಲು ಕಿರಿದಾದಾಗ ಕಬ್ಬಿನ ಸುಳಿಯೊಳಗೆ ಶುರುವಾದ ಬದಲಾವಣೆ ಚಳಿಗಾಲದಲ್ಲಿ ಸೂಲಂಗಿಯಾಗಿ ಹೊರಬೀಳುತ್ತದೆ.

ಈ ಒಗಟನ್ನು ಮೊದಲು ಬಿಡಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್. ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕು ತಳಿ ಬೇಸಿಗೆಯ ಹೊಲದಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಮಾತ್ರ ಬಿಡುತ್ತಿತ್ತು. ಅವರು ಬೇಸಿಗೆಯಲ್ಲೇ ಕುಂಡಗಳನ್ನು ಪ್ರತಿ ಮಧ್ಯಾಹ್ನ ಕತ್ತಲ ಗೂಡಿಗೆ ಸಾಗಿಸಿ ಹಗಲನ್ನು ಕಿರಿದು ಮಾಡಿದರು. ತಂಬಾಕು ಹೂ ಬಿಟ್ಟಿತು. 1920ರಲ್ಲಿ ಇದನ್ನು ಪ್ರಕಟಿಸಿ, ಗಿಡ ಹಗಲಿನ ಉದ್ದ ನೋಡುತ್ತದೆ ಎಂದರು. ಅರ್ಧ ಸತ್ಯ ಅದು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮ ಕೆರೆಯಂಗಳದಲ್ಲೂ ಬೆಳೆದು, ಪಂಚೆಗೆ ಮುಳ್ಳುಕಾಯಿ ಅಂಟಿಸುವ ಮರುಳುಮ್ಮತ್ತಿ ಕಳೆಯನ್ನು. ಹಗಲಿನ ನಡುವೆ ಕತ್ತಲು ಮಾಡಿದರೆ ಅದಕ್ಕೆ ಲೆಕ್ಕವಿಲ್ಲ. ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿಟ್ಟರೆ ಹೂವೇ ಇಲ್ಲ! ಅಂದರೆ ಗಿಡಕ್ಕೆ ಮುಖ್ಯವಾದದ್ದು ಇರುಳು, ಅದೂ ತುಂಡಾಗದ ಇರುಳು.

ಹೆಪ್ಪು ಹಾಕಿದ ಹಾಲನ್ನು ನೆನೆಸಿಕೊಳ್ಳಿ. ಹಾಲೂ ಚೆನ್ನಾಗಿದೆ, ಹೆಪ್ಪೂ ಚೆನ್ನಾಗಿದೆ. ಆದರೆ ನಡುರಾತ್ರಿ ಯಾರೋ ಎದ್ದು ಸೌಟು ಹಾಕಿ ಕಲಕಿದರೆ ಬೆಳಗ್ಗೆ ಗಟ್ಟಿ ಮೊಸರಿಲ್ಲ. ಅದಕ್ಕೆ ಹಾಲು ಹೆಚ್ಚು ಸುರಿದರೂ ಪ್ರಯೋಜನವಿಲ್ಲ, ಹೆಪ್ಪು ಹೆಚ್ಚಿಸಿದರೂ ಇಲ್ಲ. ಕದಲಿಸದೆ ಬಿಟ್ಟ ಹೊತ್ತೇ ಬೇಕು. ಬೀದಿದೀಪ ಗಿಡದ ಇರುಳಿಗೆ ಹಾಕುವ ಸೌಟು. ಒಂದು ರಾತ್ರಿ ಕಲಕಿದರೆ ಸೇವಂತಿಗೆ ಸುಧಾರಿಸಿಕೊಂಡೀತು. ವಾರಗಟ್ಟಲೆ ದಿನವೂ ಕಲಕಿದರೆ ಎಲೆಯ ಮೇಲೆ ಎಲೆ ಬಿಡುತ್ತ ಹೋಗುತ್ತದೆ.

ಈ ಬೆಳಕನ್ನು ಗ್ರಹಿಸುವುದು ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣಕ. ಕೆಂಪು ಬೆಳಕು ಬಿದ್ದರೆ ಅದು ಹಗಲಿನ ರೂಪ ತಾಳುತ್ತದೆ. ಬೀದಿಯ ಬಿಳಿ ಎಲ್‌ಇಡಿಯಲ್ಲೂ ಆ ಕೆಂಪು ಬೆರೆತಿದೆ. ಹೂ ಬರುವುದು ತುದಿಯಲ್ಲಿ, ಇರುಳು ಗೊತ್ತಾಗುವುದು ಎಲೆಗೆ. ಹಾಗಾದರೆ ಸುದ್ದಿ ಮುಟ್ಟಿಸುವವರು ಯಾರು? ಇದಕ್ಕೆ ಉತ್ತರ ಹುಡುಕಿದ ಆರ್ಮೇನಿಯದ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ ಕೈಗೆತ್ತಿಕೊಂಡದ್ದು ಸೇವಂತಿಗೆಯನ್ನೇ. ಗಿಡದ ಮೇಲರ್ಧದ ಎಲೆ ಕಿತ್ತು, ಕೆಳಗಿನ ಎಲೆಗಳಿಗೆ ಮಾತ್ರ ಉದ್ದ ಇರುಳು ಕೊಟ್ಟರು. ಬೋಳು ತುದಿ ಬೆಳಕಿನಲ್ಲಿದ್ದರೂ ಹೂ ಬಂತು. ತುದಿಗೆ ಕತ್ತಲೆ, ಎಲೆಗೆ ಬೆಳಕು ಎಂದು ತಿರುವುಮುರುವು ಮಾಡಿದಾಗ ಬರಲಿಲ್ಲ. ಎಲೆಯಿಂದ ತುದಿಗೆ ಹರಿಯುವ ವಸ್ತುವೊಂದು ಇರಲೇಬೇಕೆಂದು ಅದಕ್ಕೆ ಫ್ಲೋರಿಜೆನ್ ಎಂದು 1937ರಲ್ಲಿ ಹೆಸರಿಟ್ಟರು. ಅವರು 1991ರಲ್ಲಿ ತೀರಿಕೊಂಡರು. ಫ್ಲೋರಿಜೆನ್ ಒಂದು ಪ್ರೋಟೀನು ಎಂಬುದು ಭತ್ತ ಮತ್ತು ಅರಾಬಿಡಾಪ್ಸಿಸ್ ಗಿಡಗಳಲ್ಲಿ ಗಟ್ಟಿಯಾದದ್ದು 2007ರಲ್ಲಿ. ಎಪ್ಪತ್ತು ವರ್ಷ ಕಾದ ಉತ್ತರ! ಇನ್ನೂ ಸೊಗಸಾದ ಸಂಗತಿ 2013ರಲ್ಲಿ ಹೊರಬಂತು. ಇರುಳಲ್ಲಿ ಬೆಳಕು ಬಿದ್ದರೆ ಕಾಡು ಸೇವಂತಿಗೆಯ ಎಲೆ ಹೂವನ್ನು ತಡೆಯುವ ಇನ್ನೊಂದು ಪ್ರೋಟೀನನ್ನು ತಯಾರಿಸಿ ಕಳುಹಿಸುತ್ತದೆ ಎಂದು ಜಪಾನಿನ ಸಂಶೋಧಕರು ತೋರಿಸಿದರು. ಗೇಟಿನ ಪಕ್ಕದ ಗಿಡ ಸುಮ್ಮನೆ ಕೂತಿಲ್ಲ, ಬೇಡವೆಂಬ ಸಂದೇಶವನ್ನು ರಾತ್ರಿಯೂ ಕಳುಹಿಸುತ್ತಿದೆ.

ಈ ಕಥೆಗೆ ಮಂಡ್ಯದ ನೆಲದ ನಂಟೂ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಬೀದಿಯ ಇರುಳನ್ನು ವಿದ್ಯುತ್ತಿನಿಂದ ಬೆಳಗಿಸುವ ಕೆಲಸ ನಮ್ಮಲ್ಲಿ ಶುರುವಾದದ್ದೇ ಇಲ್ಲಿಂದ. ಅದೇ ಬೆಳಕನ್ನು ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ಹೂ ಬೆಳೆಗಾರರು ಜಾಣತನದಿಂದ ಬಳಸುತ್ತಾರೆ: ಸೇವಂತಿಗೆ ತೋಟದ ಮೇಲೆ ಬಲ್ಬಿನ ಸಾಲು ಕಟ್ಟಿ, ರಾತ್ರಿ ಉರಿಸಿ ಹೂವನ್ನು ತಡೆದು, ಗಿಡ ಬಲಿತ ಮೇಲೆ ದೀಪ ಆರಿಸುತ್ತಾರೆ. ಹೂ ಆಮೇಲೆ ಬರುತ್ತದೆ.

ಎಲ್ಲ ಗಿಡಕ್ಕೂ ಈ ಲೆಕ್ಕ ಹಾಕಬೇಡಿ. ದುಂಡುಮಲ್ಲಿಗೆಗೆ ಚಳಿಗಾಲದಲ್ಲಿ ಸವರುವುದು ಮುಖ್ಯ. ಕನಕಾಂಬರ ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್‌ಸೆಟಿಯಾ ಮಾತ್ರ ಸೇವಂತಿಗೆಯ ಹಾಗೇ ಉದ್ದ ಇರುಳು ಬೇಡುತ್ತದೆ.

ಮದ್ದೂರಿನವರು ಮಾಡಬೇಕಾದದ್ದು ಇಷ್ಟು. ಗೇಟಿನ ಗಿಡಗಳನ್ನು ಮುಂದಿನ ಸಲ ಕುಂಡಕ್ಕೆ ಹಾಕಿ, ಆಗಸ್ಟ್ ಕೊನೆಗೆ ದೀಪ ಕಾಣದ ಹಿತ್ತಿಲಿಗೆ ಸಾಗಿಸಿ. ಸಾಗಿಸಲಾಗದಿದ್ದರೆ ದಟ್ಟ ಬಟ್ಟೆಯ ಮರೆ ಸಾಕು, ಗಾಳಿ ಆಡಬೇಕು ಅಷ್ಟೆ. ನೆಟ್ಟು ನಾಲ್ಕು ವಾರಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಮೊಗ್ಗು ಕಟ್ಟುವ ಕಾಲಕ್ಕೆ ಚಿವುಟುವುದನ್ನು ನಿಲ್ಲಿಸಿ, ಯೂರಿಯಾವನ್ನೂ ನಿಲ್ಲಿಸಿ. ನಾಲೆ ನೀರಿನ ಬಯಲಲ್ಲಿ ಬೇರು ಕೊಳೆಯುವುದೇ ದೊಡ್ಡ ಕಾಟ, ಆದ್ದರಿಂದ ಮಡಿ ಎತ್ತರಿಸಿ, ನೀರನ್ನು ಬುಡಕ್ಕೆ ಹಾಕಿ. ಸಂಜೆ ಎಲೆ ತೋಯ್ದರೆ ಚುಕ್ಕೆ ರೋಗ ಬರುತ್ತದೆ. ಹೂ ಮುಗಿದ ಮೇಲೆ ಕಾಂಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಬುಡದ ಮಣ್ಣು ಕೆದಕಿ ನೋಡಿದರೆ ತಿಳಿಹಸಿರು ಕಂದುಗಳು ಸುತ್ತಲೂ ಮೇಲೇಳುತ್ತಿರುತ್ತವೆ, ಕೆಲವಕ್ಕೆ ಆಗಲೇ ಬಿಳಿ ಬೇರು ಇರುತ್ತದೆ. ಆ ಬೇರುಳ್ಳವನ್ನೇ ಬಿಡಿಸಿ ನೆಡಿ.