ಮುಂದಿನ ಬ್ಯಾಚಿನ ಹುಡುಗ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ, ಪೂರಿಗಾಲಿ, ಬಿ.ಜಿ. ಪುರದ ಕಡೆ ಬೆಳಗಿನ ಜಾವ ಹೊರಟರೆ ನಾಲೆ ಏರಿಯ ಮೇಲೆ ಓಡುವ ಹುಡುಗರು ಸಿಗುತ್ತಾರೆ. ಒಬ್ಬ ಪೊಲೀಸ್ ಭರ್ತಿಗೆ, ಇನ್ನೊಬ್ಬ ಮಿಲಿಟರಿಗೆ. ಸೇನಾ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ಣ ಅಂಕ. ಬೀಮ್ ಹಿಡಿದು ಹತ್ತು ಸಲ ಮೈ ಎತ್ತಿದರೆ ಅದಕ್ಕೂ ಪೂರ್ಣ ಅಂಕ. ಜೊತೆಗೆ ಒಂಬತ್ತು ಅಡಿ ಹಳ್ಳ ಹಾರಬೇಕು. ಮಂಡ್ಯ ಜಿಲ್ಲೆಯವರು ಬೆಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಇಲ್ಲಿಯವರೆಗಿನ ಕಥೆ ಊರಿಗೆಲ್ಲ ಗೊತ್ತು. ಆಯ್ಕೆಯಾದರೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಏಳುತ್ತದೆ, ಹಾರ ಬೀಳುತ್ತದೆ, ಹುಡುಗ ಟ್ರಂಕು ಹೊತ್ತು ಹೊರಡುತ್ತಾನೆ.

ಊರಿಗೆ ಗೊತ್ತಿಲ್ಲದ್ದು ಆಮೇಲಿನದು. ತರಬೇತಿಯ ಐದನೆಯ ವಾರವೋ ಎಂಟನೆಯ ವಾರವೋ ಕಾಲು ಊದಿಕೊಂಡು ಮಿಲಿಟರಿ ಆಸ್ಪತ್ರೆ ಸೇರಿದವನಿಗೆ ಏನಾಗುತ್ತದೆ? ಅವನನ್ನು ಮನೆಗೆ ಕಳಿಸಿಬಿಡುತ್ತಾರಾ? ಕೆಲಸ ಹೋಯಿತಾ? ಇದಕ್ಕೆ ಸೇನೆಯೊಳಗೆ ಒಂದು ವ್ಯವಸ್ಥೆಯೇ ಇದೆ. ಮಗನನ್ನು ಕಳಿಸಿದ ಮನೆಯವರು ಅದನ್ನು ತಿಳಿದುಕೊಂಡಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಗಾಯ ಅಂದ ಕೂಡಲೇ ನಮಗೆ ಗುಂಡೇಟು ನೆನಪಾಗುತ್ತದೆ. ರಿಕ್ರೂಟನ, ಅಂದರೆ ತರಬೇತಿಯಲ್ಲಿರುವ ಹೊಸ ಸೈನಿಕನ ಗಾಯ ಸಾಮಾನ್ಯವಾಗಿ ಅಂಥದ್ದಲ್ಲ. ಹಗ್ಗದಿಂದ ಬಿದ್ದು ಕೈ ಮುರಿಯುವುದು, ಮಂಡಿ ತಿರುಚುವುದು, ಪಾದದ ಕೀಲು ಉಳುಕುವುದು ಇದ್ದೇ ಇದೆ. ಆದರೆ ಲೋಕದ ಎಲ್ಲ ಸೇನೆಗಳ ತರಬೇತಿ ಕೇಂದ್ರಗಳನ್ನೂ ಕಾಡುವುದು ಮೂಳೆಯ ಕೂದಲೆಳೆಯ ಬಿರುಕು, ವೈದ್ಯರು ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುವುದು. ಪ್ರಷ್ಯ ಸೇನೆಯ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಕವಾಯತು ಮಾಡಿ ಪಾದ ಊದಿಸಿಕೊಂಡ ಸೈನಿಕರ ಬಗ್ಗೆ ಬರೆದಿದ್ದ. ಎಕ್ಸ್‌ರೇ ಬಂದದ್ದು 1895ರಲ್ಲಿ. ಆ ನಲವತ್ತು ವರ್ಷ ಆ ಊತದ ಕಾರಣ ಯಾರ ಕಣ್ಣಿಗೂ ಬೀಳಲಿಲ್ಲ. ಇಸ್ರೇಲಿನಲ್ಲಿ 295 ಮಂದಿ ಪದಾತಿ ರಿಕ್ರೂಟರನ್ನು ತರಬೇತಿಯುದ್ದಕ್ಕೂ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 31ರಷ್ಟು ಜನಕ್ಕೆ ಇಂಥ ಬಿರುಕು ಕಂಡಿತ್ತು. ಅಂದರೆ ಮೂವರಲ್ಲಿ ಸುಮಾರು ಒಬ್ಬ. ಕಾಲು ನೋವು ಅಂದವನನ್ನು ‘ಮೈಗಳ್ಳ’ ಅನ್ನುವ ಮೊದಲು ಈ ಸಂಖ್ಯೆಯನ್ನು ನೆನೆಯಬೇಕು.

ಯಾಕೆ ಹೀಗಾಗುತ್ತದೆ ಅನ್ನುವುದು ಸ್ವಾರಸ್ಯದ ವಿಷಯ. ಮೂಳೆ ಜೀವಂತ ವಸ್ತು. ಹೊಸ ಭಾರ ಬಿದ್ದಾಗ ಅದು ಗಟ್ಟಿಯಾಗಲು ಹೊರಡುತ್ತದೆ, ಆದರೆ ಗಟ್ಟಿಯಾಗುವ ಮೊದಲು ಹಳೆಯ ಮೂಳೆಯನ್ನು ಕರಗಿಸುತ್ತದೆ. ರಸ್ತೆ ಅಗಲ ಮಾಡುವವರು ಮೊದಲು ಹಳೇ ಡಾಂಬರು ಕಿತ್ತುಹಾಕುತ್ತಾರಲ್ಲ, ಹಾಗೆ. ಕಿತ್ತುಹಾಕಿದ ಆ ಕೆಲವು ವಾರಗಳಲ್ಲೇ ಬೂಟು, ರೈಫಲ್ಲು, ಬೆನ್ನಿನ ಚೀಲ, ಸಿಮೆಂಟಿನ ಮೈದಾನದ ಡ್ರಿಲ್ ಎಲ್ಲ ಒಟ್ಟಿಗೆ ಬೀಳುತ್ತವೆ. ಹೊಲಗದ್ದೆಯಲ್ಲಿ ಬೆಳೆದ ಹುಡುಗ ಗಟ್ಟಿ ಅನ್ನುವುದು ನಿಜ. ಆದರೆ ಗದ್ದೆಯ ಮಣ್ಣು ಬೇರೆ, ಪರೇಡ್ ಮೈದಾನ ಬೇರೆ. ರ‍್ಯಾಲಿಗೆ ಎರಡೇ ತಿಂಗಳು ಓಡಿ ಹೋದವನ ಮೂಳೆಗೆ ಅಷ್ಟು ಅಭ್ಯಾಸವಿರುವುದಿಲ್ಲ. ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಮೇಲೆ ಬೆರಳಿಟ್ಟು ಒತ್ತಿದರೆ ಒಂದೇ ಜಾಗದಲ್ಲಿ ಚುಳುಕ್ಕೆನ್ನುವ ನೋವು ಮೊದಲ ಗುರುತು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಎಂ.ಆರ್.ಐ.ಯಲ್ಲಿ ಕಾಣುತ್ತದೆ. ‘ಎಕ್ಸ್‌ರೇ ಕ್ಲಿಯರ್ ಇದೆ, ನಿಂಗೇನೂ ಆಗಿಲ್ಲ’ ಅನ್ನುವ ಮಾತು ಅದಕ್ಕೇ ಅಪಾಯದ್ದು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕತ್ತಿನಲ್ಲಿ ಬಿರುಕು ಬಿಟ್ಟರಂತೂ ಹುಡುಗಾಟವಲ್ಲ. ಪೂರ್ತಿ ಮುರಿದರೆ ಆಪರೇಷನ್ನು, ಕೆಲವೊಮ್ಮೆ ಜೀವನವಿಡೀ ಕುಂಟು. ತೊಡೆಸಂದಿಯಲ್ಲಿ ನೋವು ಅಂದರೆ ಅದೇ ದಿನ ಡಾಕ್ಟರು ನೋಡಬೇಕು.

ಇನ್ನು ವ್ಯವಸ್ಥೆಗೆ ಬರೋಣ. ಬೆಳಕವಾಡಿಯ ಹುಡುಗ ಯಾವ ಕೇಂದ್ರಕ್ಕೂ ಹೋಗಬಹುದು: ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ (1780ರಲ್ಲಿ ಹುಟ್ಟಿದ ಪಡೆ, 1834ರಿಂದ ಬೆಂಗಳೂರಿನಲ್ಲಿದೆ), ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಗೆ, ನಾಸಿಕದ ಆರ್ಟಿಲರಿಗೆ, ಜಬಲ್ಪುರದ ಸಿಗ್ನಲ್ಸಿಗೆ. ಈಗ ಹೀಗೆ ಸೇರುವ ಹುಡುಗರು ಅಗ್ನಿವೀರರು. ಅವರ ತರಬೇತಿ ಹೆಚ್ಚಿನ ಕಡೆ 31 ವಾರ. ಮೊದಲ 10 ವಾರ ಮೂಲ ಸೈನಿಕ ತರಬೇತಿ, ಉಳಿದದ್ದು ಮುಂದಿನ ಹಂತ. ಎಲ್ಲಿಯೇ ಹೋದರೂ ಕಾಯಿಲೆಯ ದಾರಿ ಒಂದೇ. ಬೆಳಿಗ್ಗೆ ಸಿಕ್ ರಿಪೋರ್ಟ್ ಮಾಡಬೇಕು, ಅಂದರೆ ಹುಷಾರಿಲ್ಲ ಅಂತ ಹೇಳಿಕೊಳ್ಳಬೇಕು. ಎಂ.ಐ. ರೂಮ್ ಅನ್ನುವ ತಪಾಸಣಾ ಕೋಣೆಯಲ್ಲಿ ಮೆಡಿಕಲ್ ಆಫೀಸರ್ ನೋಡಿ ಮಾತ್ರೆ ಕೊಟ್ಟು ಕಳಿಸಬಹುದು, ಓಟ-ಡ್ರಿಲ್ಲಿಗೆ ಕೆಲವು ದಿನ ಎಕ್ಸ್‌ಕ್ಯೂಸ್ ಬರೆಯಬಹುದು, ಇಲ್ಲವೇ ಮಿಲಿಟರಿ ಆಸ್ಪತ್ರೆಗೆ ಸೇರಿಸಬಹುದು. ಬೆಂಗಳೂರಿನಲ್ಲಾದರೆ ದೊಡ್ಡ ಕೇಸುಗಳು ಹಳೇ ಏರ್‌ಪೋರ್ಟ್ ರಸ್ತೆಯ ವಾಯುಪಡೆಯ ಕಮಾಂಡ್ ಆಸ್ಪತ್ರೆಗೆ ಹೋಗುತ್ತವೆ. ಚಿಕಿತ್ಸೆಗೆ ಮನೆಯವರು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ತೊಡಕು ಇರುವುದು ಮೊದಲ ಮೆಟ್ಟಿಲಲ್ಲೇ. ಹುಡುಗ ಸಿಕ್ ರಿಪೋರ್ಟ್ ಮಾಡುವುದಿಲ್ಲ. ತರಬೇತಿ ಕೊಡುವ ಉಸ್ತಾದರು ‘ಬಹಾನಾ’, ಅಂದರೆ ನೆಪ, ಅಂದಾರು ಅನ್ನುವ ಭಯ ಒಂದು. ಜೊತೆಗಾರರು ಪಾಸಾಗಿ ತಾನೊಬ್ಬ ಹಿಂದೆ ಉಳಿದೇನು ಅನ್ನುವುದು ಅದಕ್ಕಿಂತ ದೊಡ್ಡ ಭಯ. ನೋವಿನ ಮಾತ್ರೆ ನುಂಗಿ ಓಡುತ್ತಾನೆ. ಮಾತ್ರೆ ನೋವನ್ನು ಮುಚ್ಚುತ್ತದೆ, ಬಿರುಕನ್ನಲ್ಲ. ಕೆಲವು ವಾರದ ವಿಶ್ರಾಂತಿಯಲ್ಲಿ ಹಿಡಿಯಬಹುದಾಗಿದ್ದುದು ಮೂರು ತಿಂಗಳಿಗೆ ಹೋಗುವುದು ಹೀಗೆ.

ತರಬೇತಿಯಲ್ಲಿ ನಿಗದಿಗಿಂತ ಹೆಚ್ಚು ದಿನ ತಪ್ಪಿದವನನ್ನು ತನ್ನ ಹಿಂದೆ ಬರುವ ಬ್ಯಾಚಿಗೆ ಇಳಿಸುತ್ತಾರೆ. ಕೇಂದ್ರಗಳಲ್ಲಿ ಇದರ ಹೆಸರು ರೆಲಿಗೇಶನ್. ‘ರೆಲಿಗೇಟ್ ಆದೆ ಕಣವ್ವ’ ಅಂತ ಫೋನಿನಲ್ಲಿ ಹೇಳಿದರೆ ಮನೆಯಲ್ಲಿ ‘ಫೇಲಾದ’ ಅಂತ ಕೇಳಿಸುತ್ತದೆ. ಫೇಲಾಗಿಲ್ಲ. ವಾಸಿಯಾದ ಮೇಲೆ ಬಿಟ್ಟ ಜಾಗದಿಂದ ಮುಂದಿನ ಬ್ಯಾಚಿನ ಜೊತೆ ಹೊರಡುತ್ತಾನೆ, ಅವರ ಜೊತೆ ಕಸಮ್ ಪರೇಡಿನಲ್ಲಿ ಪ್ರಮಾಣ ಮಾಡುತ್ತಾನೆ. ನಿಜವಾದ ಕಷ್ಟ ನಡುವಿನ ತಿಂಗಳುಗಳದ್ದು. ಹಳೇ ಬ್ಯಾಚು ಮುಂದೆ ಹೋಯಿತು, ಹೊಸದು ಇನ್ನೂ ಪರಿಚಯವಿಲ್ಲ. ವಾರ್ಡಿನ ಮಂಚ, ಎದುರಿಗೆ ಗೋಡೆ. ಸೈನಿಕನ ಆರೋಗ್ಯವನ್ನು ಸೇನೆ ಅಳೆಯುವ ‘ಶೇಪ್’ ಎಂಬ ಐದಕ್ಷರದ ಪಟ್ಟಿಯಲ್ಲಿ ಮೊದಲ ಅಕ್ಷರ ಮನಸ್ಸಿನದ್ದು. ಕೈಕಾಲಿನ ಅಕ್ಷರ ಮೂರನೆಯದು.

ಈ ನಡುವಿನ ತಿಂಗಳುಗಳನ್ನು ಕೆಲವು ದೇಶಗಳು ಬೇರೆಯದೇ ಘಟಕವನ್ನಾಗಿ ಕಟ್ಟಿವೆ. ಬ್ರಿಟನ್ನಿನ ರಾಯಲ್ ಮರೀನ್ಸ್ ತರಬೇತಿ ಕೇಂದ್ರ ಲಿಂಪ್‌ಸ್ಟನ್‌ನಲ್ಲಿ ಗಾಯಗೊಂಡ ರಿಕ್ರೂಟರಿಗೆಂದೇ ‘ಹಂಟರ್’ ಹೆಸರಿನ ತುಕಡಿ ಇದೆ. ಅಮೆರಿಕದ ಫೋರ್ಟ್ ಜಾಕ್ಸನ್‌ನಲ್ಲೂ ಗಾಯಾಳು ರಿಕ್ರೂಟರ ಪುನಶ್ಚೇತನಕ್ಕೆ ಪ್ರತ್ಯೇಕ ಕಾರ್ಯಕ್ರಮ ಇದೆ. ಅಲ್ಲಿ ಹುಡುಗ ರೋಗಿಯಲ್ಲ, ಯೂನಿಫಾರಂ ಹಾಕಿದ ಸೈನಿಕನೇ. ದಿನದ ಕೆಲಸ ಮಾತ್ರ ಬೇರೆ. ಈಜು, ಸೈಕಲ್ಲು, ಸೊಂಟದ ಮೇಲಿನ ಮೈಯ ಕಸರತ್ತು, ಆಮೇಲೆ ನಡಿಗೆ, ಆಮೇಲೆ ಓಟ. ಇಂಥದ್ದು ನಮ್ಮ ಪ್ರತಿ ತರಬೇತಿ ಕೇಂದ್ರದಲ್ಲೂ ಹೆಸರಿಟ್ಟು, ಜಾಗ ಕೊಟ್ಟು ನಡೆಯಬೇಕು ಅನ್ನುವುದು ನನ್ನ ಮತ. ಹಾಸಿಗೆಯಲ್ಲಿ ಸುಮ್ಮನೆ ಮಲಗಿದವನ ಮೂಳೆ ಕೂಡುತ್ತದೆ, ದೇಹ ಕುಗ್ಗುತ್ತದೆ. ವಾಪಸ್ ಮೈದಾನಕ್ಕೆ ಇಳಿದ ವಾರವೇ ಮತ್ತೆ ಕಾಲು ಹಿಡಿಯುತ್ತಾನೆ.

ಕೆಲವರನ್ನು ಸಿಕ್ ಲೀವ್ ಮೇಲೆ ಮನೆಗೆ ಕಳಿಸುತ್ತಾರೆ. ಅಸಲಿ ಪರೀಕ್ಷೆ ಆಗ ನಮ್ಮ ಊರಿನದು. ಹುಡುಗ ಕುಂಟುತ್ತ ಮಳವಳ್ಳಿ ಬಸ್ಸಿಳಿದ ಸಂಜೆಯೇ ಜಗಲಿ ತುಂಬುತ್ತದೆ. ‘ಓಡ್‌ಬಂದ್ಬುಟ್ಟೇನ್ಲಾ?’ ಅನ್ನುವವರು ಇಬ್ಬರು. ‘ಎಣ್ಣೆ ಹಾಕಿ ನೀವಿಸ್ರಿ, ಮೂರ್ ದಿನಕ್ಕೆ ನೆಟ್ಟಗಾಯ್ತದೆ’ ಅನ್ನುವವರು ನಾಲ್ವರು. ಒಬ್ಬರು ಪುತ್ತೂರು ಕಟ್ಟಿಗೆ ಕಾರು ಮಾಡಿಸಲು ತಯಾರು. ನಾಟಿ ವೈದ್ಯರ ಮೇಲೆ ನನಗೆ ತಾತ್ಸಾರವಿಲ್ಲ, ಅವರ ಕೈಯಲ್ಲಿ ಉಳುಕು ವಾಸಿಯಾದವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಬಿರುಕು ಬಿಟ್ಟ ಮೂಳೆಯ ಮೇಲೆ ನೀವುವುದರಿಂದ ಲಾಭವಿಲ್ಲ, ಬಿಗಿಯಾಗಿ ದಬ್ಬೆ ಕಟ್ಟಿ ರಕ್ತದ ಓಡಾಟ ನಿಂತರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಈ ಕಾಲು ಸೇನೆಯ ವೈದ್ಯರ ಚಿಕಿತ್ಸೆಯಲ್ಲಿರುವ ಕಾಲು. ಊರಲ್ಲಿ ಏನಾದರೂ ಎಡವಟ್ಟಾದರೆ ಮುಂದೆ ಮೆಡಿಕಲ್ ಬೋರ್ಡಿನ ಎದುರು ಹೇಳುವುದಕ್ಕೆ ಉತ್ತರ ಇರುವುದಿಲ್ಲ.

ಮನೆಯವರು ಮಾಡಬಹುದಾದದ್ದು ಬೇರೆ ಇದೆ, ಅದು ಅವ್ವನ ಕೈಯಲ್ಲಿದೆ. ಅಮೆರಿಕದ ನೌಕಾಪಡೆಯ 5,201 ಮಹಿಳಾ ರಿಕ್ರೂಟರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 2,000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 800 ಯೂನಿಟ್ ವಿಟಮಿನ್ ಡಿ ಪಡೆದವರಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಶೇ. 20ರಷ್ಟು ಕಡಿಮೆಯಾಗಿತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮುದ್ದೆ, ಉಪ್ಸಾರು, ನುಗ್ಗೆಸೊಪ್ಪು, ಮೊಸರು, ಬೆಳಗಿನ ಬಿಸಿಲಲ್ಲಿ ಒಂದಿಷ್ಟು ಹೊತ್ತು. ಇದು ಔಷಧಿಗೆ ಬದಲಿ ಅಲ್ಲ, ಡಾಕ್ಟರು ಬರೆದ ಮಾತ್ರೆ ಬಿಡಬಾರದು. ಆದರೆ ಸೇನೆಯ ಲಂಗರಿನ (ಅಡುಗೆಮನೆಯ) ರೊಟ್ಟಿ-ದಾಲ್ ತಿಂದು ನಾಲಿಗೆ ಕೆಟ್ಟು ಬಂದವನಿಗೆ ಹೊಟ್ಟೆ ತುಂಬಾ ಮುದ್ದೆ ಸೇರುವುದೇ ಒಂದು ಚೇತರಿಕೆ. ಬೀಡಿ ಸಿಗರೇಟು ಮಾತ್ರ ದೂರ ಇರಲಿ, ಮೂಳೆ ಕೂಡುವುದನ್ನು ಅದು ತಡಮಾಡುತ್ತದೆ. ನಾಲೆ ಏರಿ ಮೇಲೆ ‘ಸ್ವಲ್ಪ ಓಡಿ ನೋಡ್ತೀನಿ’ ಅನ್ನುವುದೂ ಬೇಡ. ಮುಂಗಾಲ ಮೂಳೆಯ ಬಿರುಕಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು.

ರಜೆ ಮುಗಿಯುವ ತಾರೀಖು ಚೀಟಿಯಲ್ಲಿ ಬರೆದಿರುತ್ತದೆ. ‘ಮುಡುಕುತೊರೆ ಜಾತ್ರೆ ಮುಗಿಸ್ಕಂಡ್ ಹೋಗು ಮಗ’ ಅಂತ ತಡೆಯಬೇಡಿ. 1950ರ ಸೇನಾ ಕಾಯ್ದೆಯ 39ನೇ ಕಲಮಿನಲ್ಲಿ ರಜೆ ಮೀರಿ ಉಳಿಯುವುದು ಅಪರಾಧ. ಕಾಲು ನೋವಿನ ಹುಡುಗ ಅದರ ಮೇಲೆ ಶಿಸ್ತಿನ ಕೇಸನ್ನೂ ಹೊರುವುದು ಬೇಡ.

ಕಾಗದದ ಮಾತು ನೀರಸ, ಆದರೆ ಮುಂದೆ ಹುಡುಗನ ಹಕ್ಕೆಲ್ಲ ನಿಲ್ಲುವುದು ಅದರ ಮೇಲೆಯೇ. ತರಬೇತಿಯಲ್ಲಿ ಗಾಯವಾದರೆ ‘ಐ.ಎ.ಎಫ್.ವೈ. 2006’ ಎಂಬ ಗಾಯದ ವರದಿಯ ನಮೂನೆ ತುಂಬುತ್ತಾರೆ. ಎಲ್ಲಿ, ಯಾವಾಗ, ಯಾವ ಕರ್ತವ್ಯದಲ್ಲಿ ಗಾಯವಾಯಿತು ಅನ್ನುವುದು ಅದರಲ್ಲಿ ದಾಖಲಾಗಬೇಕು. ಮುಂದೆ ಹುಡುಗ ವಾಸಿಯಾಗದೆ ಮೆಡಿಕಲ್ ಬೋರ್ಡು ಅವನನ್ನು ಬಿಡುಗಡೆ ಮಾಡಿದರೆ, ಮೊದಲು ಬರುವ ಪ್ರಶ್ನೆ ಗಾಯಕ್ಕೆ ಸೇವೆ ಕಾರಣವೋ ಅಲ್ಲವೋ ಎಂಬುದು. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಗಟ್ಟಿ ಮಾಡಿತು: ಸೇರುವಾಗ ಕಾಯಿಲೆಯ ನಮೂದು ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು. ಅಗ್ನಿವೀರರಿಗೆ ಪಿಂಚಣಿ ಇಲ್ಲ. ಗಾಯಕ್ಕೆ ಸೇವೆಯೇ ಕಾರಣವಾದರೆ ಶೇ. 100, 75, 50ರ ಅಂಗವೈಕಲ್ಯಕ್ಕೆ ಕ್ರಮವಾಗಿ 44, 25, 15 ಲಕ್ಷ ರೂಪಾಯಿ ಒಂದು ಬಾರಿಯ ಪರಿಹಾರ ಇದೆ. ತರಬೇತಿಯೂ ಸೇರಿ ಒಟ್ಟು ನಾಲ್ಕೇ ವರ್ಷದ ನೌಕರಿ, ಕೊನೆಗೆ ಕಾಯಂ ಆಗುವುದು ಹೆಚ್ಚೆಂದರೆ ಶೇ. 25 ಮಂದಿ. ಆಸ್ಪತ್ರೆಯ ತಿಂಗಳುಗಳು ಆ ನಾಲ್ಕು ವರ್ಷದಲ್ಲೇ ಕಳೆಯುತ್ತವೆ. ನೋವು ಮುಚ್ಚಿಡುವ ಒತ್ತಡ ಹೆಚ್ಚುವುದು ಇಲ್ಲೇ, ಇದನ್ನು ನೀತಿ ಮಾಡುವವರು ಯೋಚಿಸಬೇಕು.

ಅಧಿಕಾರಿಯಾಗಲು ಹೋದ ಕೆಡೆಟ್‌ಗಳ ಪಾಡು ಇನ್ನೂ ವಿಚಿತ್ರ. ರಿಕ್ರೂಟ್ ಸೇರಿದ ದಿನವೇ ಸೈನಿಕ. ಕೆಡೆಟ್ ಕಮಿಷನ್ ಸಿಗುವವರೆಗೆ ಏನೂ ಅಲ್ಲ. ತರಬೇತಿಯಲ್ಲಿ ಬೆನ್ನುಮೂಳೆ ಮುರಿದು ಹೊರಬಿದ್ದವರಿಗೆ ಮಾಜಿ ಸೈನಿಕರ ಸ್ಥಾನಮಾನವೂ ಇರಲಿಲ್ಲ. 1985ರಿಂದ ಹೀಗೆ ಹೊರಬಿದ್ದವರು ಸುಮಾರು 500 ಮಂದಿ ಎಂಬ ಪತ್ರಿಕಾ ವರದಿ ಓದಿ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನೇ ಪ್ರಕರಣ ಎತ್ತಿಕೊಂಡಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್.  ಆ ಆಗಸ್ಟ್ ಮುಗಿಯುವ ಹೊತ್ತಿಗೆ ಸರ್ಕಾರ ಈ ಕೆಡೆಟ್‌ಗಳಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಬಾಗಿಲು ತೆರೆಯಿತು.

ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಹುತಾತ್ಮರಾದಾಗ ಇಡೀ ಜಿಲ್ಲೆ ಅತ್ತಿತು. ಅವರು ಸಿ.ಆರ್.ಪಿ.ಎಫ್. ಯೋಧ. ಸತ್ತ ಸೈನಿಕನನ್ನು ಗೌರವಿಸುವುದು ನಮಗೆ ಗೊತ್ತಿದೆ. ಊರುಗೋಲು ಹಿಡಿದು ಆರು ವಾರದ ರಜೆಗೆ ಬಂದವನನ್ನು ಹೇಗೆ ನೋಡಬೇಕು ಅನ್ನುವುದು ಮಾತ್ರ ನಾವಿನ್ನೂ ಕಲಿತಿಲ್ಲ.

ನಿಮ್ಮ ಮನೆಯಲ್ಲಿ ಅಂಥ ಹುಡುಗನಿದ್ದರೆ ಇಷ್ಟು ಮಾಡಿ. ಕಾಲು ನೋಯುತ್ತದೆ ಅಂತ ಫೋನಿನಲ್ಲಿ ಅಂದ ದಿನವೇ ‘ನಾಳೆ ಬೆಳಿಗ್ಗೆ ಸಿಕ್ ರಿಪೋರ್ಟ್ ಮಾಡ್ಲಾ, ಬ್ಯಾಚ್ ಹೋದ್ರೆ ಹೋಗ್ಲಿ’ ಅನ್ನಿ. ಆಸ್ಪತ್ರೆಯ ಪ್ರತಿ ಚೀಟಿಯನ್ನೂ ಮಳವಳ್ಳಿಯಲ್ಲಿ ಜೆರಾಕ್ಸ್ ಮಾಡಿಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮನೆಯಲ್ಲೇ ಇಡಿ.