ಬ್ಯಾನರಿನಲ್ಲಿಲ್ಲದ ಲ್ಯಾಬು

ಎಂಜಿನಿಯರಿಂಗ್ ಕಾಲೇಜಿನ ಗೇಟಿಗೆ ದೊಡ್ಡ ಬ್ಯಾನರ್ ಕಟ್ಟಿದ್ದರು: ಹೈಸ್ಕೂಲು ಮಕ್ಕಳಿಗೆ ಬೇಸಿಗೆ ಶಿಬಿರ, ರೋಬೋಟಿಕ್ಸ್, ಡ್ರೋನ್, ಕೋಡಿಂಗ್. ಸೆಕ್ಯುರಿಟಿಯವರ ರಿಜಿಸ್ಟರಿನಲ್ಲಿ ಹೆಸರು ಬರೆದು ಮಕ್ಕಳ ಗುಂಪಿನ ಹಿಂದೆ ನಾನೂ ಹೊರಟೆ.

ಮೊದಲು ಸಿಕ್ಕಿದ್ದು ರೋಬೋಟಿಕ್ಸ್ ಹಾಲ್. ತಣ್ಣಗೆ ಏಸಿ, ನೆಲಕ್ಕೆ ಬಿಳಿ ಫ್ಲೆಕ್ಸ್, ಅದರ ಮೇಲಿನ ಕಪ್ಪು ಗೆರೆ ಹಿಡಿದು ಓಡುವ ಪುಟ್ಟ ಗಾಡಿಗಳು. ಗಾಡಿಯ ತಳದ ಸೆನ್ಸರ್ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಬಿಳಿ ಅದನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ನುಂಗಿಬಿಡುತ್ತದೆ. ಗಾಡಿ ತಿರುಗುವುದು ಆ ವ್ಯತ್ಯಾಸ ನೋಡಿಕೊಂಡು. ಆದರೆ ಕಿಟ್ಟೂ ರೆಡಿಮೇಡ್, ಪ್ರೋಗ್ರಾಮೂ ಮೊದಲೇ ಬರೆದಿಟ್ಟದ್ದು. ಮಕ್ಕಳು ವಿಡಿಯೋ ಮಾಡಿಕೊಂಡರು. ಪ್ರಶ್ನೆ ಕೇಳಿದವರು ನನ್ನ ಕಣ್ಣಿಗಂತೂ ಬೀಳಲಿಲ್ಲ.

ಅಲ್ಲಿಂದ ವರ್ಕ್‌ಶಾಪ್. ಚಪ್ಪಲಿ ಹಾಕಿದವರಿಗೆ ಒಳಗೆ ಪ್ರವೇಶವಿಲ್ಲ. ಎಣ್ಣೆ, ಕಬ್ಬಿಣದ ಪುಡಿಯ ವಾಸನೆ. ವೈಸಿಗೆ ಪಟ್ಟಿ ಕಚ್ಚಿಸಿ ಹುಡುಗಿಯೊಬ್ಬಳು ಹ್ಯಾಕ್ಸಾ ತಳ್ಳುತ್ತಿದ್ದಳು. ಬ್ಲೇಡು ಬರೀ ಜಾರುತ್ತಿತ್ತು. "ಹಲ್ಲು ಯಾವ ಕಡೆಗಿದೆ ನೋಡಮ್ಮ" ಎಂದರು ಮೇಷ್ಟ್ರು. ಅವಳು ಬ್ಲೇಡು ಬಿಚ್ಚಿ ತಿರುಗಿಸಿ ಹಾಕಿದಳು. ಹಲ್ಲು ಮುಂದಕ್ಕಿದ್ದರೆ ತಳ್ಳುವಾಗ ಕೊಯ್ಯುತ್ತದೆ ಎಂದು ಪಕ್ಕದವನಿಗೆ ತಾನೇ ಹೇಳಿಕೊಟ್ಟಳು.

ಕೊನೆಯದು ಸಿವಿಲ್ ವಿಭಾಗದ ಕಾಂಕ್ರೀಟ್ ಲ್ಯಾಬ್. ಫ್ಯಾನು ಕೂಡ ಸರಿಯಾಗಿ ತಿರುಗದ ಕೋಣೆ. 28 ದಿನ ನೀರಿನಲ್ಲಿಟ್ಟಿದ್ದ, 150 ಮಿ.ಮೀ. ಬದಿಯ ಕಾಂಕ್ರೀಟ್ ಘನವನ್ನು ಯಂತ್ರದ ಎರಡು ಉಕ್ಕಿನ ಫಲಕಗಳ ನಡುವೆ ಇಟ್ಟರು. ಎಂ20 ಕಾಂಕ್ರೀಟ್ ಎಂದರೆ ಚದರ ಮಿ.ಮೀ.ಗೆ 20 ನ್ಯೂಟನ್ ತಾಳಬೇಕು. ಮಕ್ಕಳೇ ಬೋರ್ಡಿನಲ್ಲಿ ಗುಣಿಸಿದರು: 22,500 ಚದರ ಮಿ.ಮೀ.ಗೆ 4,50,000 ನ್ಯೂಟನ್, ಹೆಚ್ಚುಕಡಿಮೆ 46 ಟನ್ ಭಾರ. ಮುಳ್ಳು ಅದನ್ನು ದಾಟಿ ಏರಿತು. ಆಮೇಲೆ ಟಪ್ ಎಂದು ಸದ್ದು.

ಬಾಗಿಲು ತೆಗೆದರೆ ಘನದ ನಾಲ್ಕೂ ಬದಿ ಉದುರಿ, ಉಳಿದದ್ದು ಡಮರುಗದ ಆಕಾರ. "ಸಾರ್, ನಡುವೆ ಮಾತ್ರ ಯಾಕೆ ಸವೆದಿದೆ?" ಒಬ್ಬ ಕೇಳಿದ್ದೇ ತಡ, ಎಲ್ಲರೂ ಮುತ್ತಿಕೊಂಡರು. ಒತ್ತಡಕ್ಕೆ ಕಾಂಕ್ರೀಟು ಪಕ್ಕಕ್ಕೆ ಹಿಗ್ಗಲು ನೋಡುತ್ತದೆ; ಮೇಲೆ ಕೆಳಗೆ ಫಲಕಗಳ ಘರ್ಷಣೆ ಹಿಡಿದಿಡುತ್ತದೆ, ನಡುಭಾಗಕ್ಕೆ ಆ ಹಿಡಿತವಿಲ್ಲ. ಉತ್ತರ ಮುಗಿಯುವಷ್ಟರಲ್ಲಿ ಮುಂದಿನ ಪ್ರಶ್ನೆ: ಕಂಬಿ ಹಾಕಿದ್ದರೆ?

ಇವರಲ್ಲಿ ಎಷ್ಟು ಮಂದಿ ಎಂಜಿನಿಯರಿಂಗ್ ಸೇರುತ್ತಾರೋ ಹೇಳಲಾರೆ. ಶಿಬಿರದ ವೇಳಾಪಟ್ಟಿಯಲ್ಲಿ ಈ ಕೋಣೆಗೆ ಕೊಟ್ಟಿದ್ದು ಊಟಕ್ಕೆ ಮುಂಚಿನ ಅರ್ಧ ಗಂಟೆ. ನನ್ನನ್ನು ಕೇಳಿದ್ದರೆ ಶಿಬಿರವನ್ನು ಇಲ್ಲಿಂದಲೇ ಶುರುಮಾಡಿ ಎನ್ನುತ್ತಿದ್ದೆ.