ರಕ್ತದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಒಂದನ್ನೇ ನೋಡಬೇಡಿ

ಹೈನುಗಾರ ತಾಯಂದಿರೇ, ಅಕ್ಕಂದಿರೇ,

ಹಸು ಬೆದೆಗೆ ಬಂದಾಗ "ಒಳ್ಳೆ ಹೋರಿದು ಹಾಕಿ ಡಾಕ್ಟ್ರೇ" ಎನ್ನುತ್ತೀರಿ. ಎಚ್.ಎಫ್. ತಳಿಯಲ್ಲಿ ‘ಬ್ಲಾಡ್’ ಎಂಬ ವಂಶಪಾರಂಪರ್ಯ ದೋಷವಿದೆ. ಗಟ್ಟಿಮುಟ್ಟಾದ ಹೋರಿಯೂ ಅದರ ವಾಹಕ ಆಗಿರಬಹುದು, ನೋಡಿದರೆ ತಿಳಿಯದು. ಅದಕ್ಕೇ ವೀರ್ಯ ಕೇಂದ್ರಗಳಲ್ಲಿ ಹೋರಿಗಳನ್ನು ಮೊದಲೇ ಪರೀಕ್ಷಿಸುತ್ತಾರೆ.

ಮನುಷ್ಯರಲ್ಲೂ ಹೀಗೆ ತಂದೆತಾಯಿಯಿಂದ ಬರುವ ರಕ್ತದ ದೋಷಗಳಿವೆ. ಅದರಲ್ಲಿ ಒಂದು ಥಲಸ್ಸೇಮಿಯಾ. ಇದರ ವಾಹಕರು ರೋಗಿಗಳಲ್ಲ; ಎಲ್ಲರಂತೆ ಹಾಲು ಕರೆದು, ಮೇವು ಹೊತ್ತು ಬಾಳುತ್ತಾರೆ. ಆದರೆ ಗಂಡ, ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ ಶೇ. 25. ಅಂಥ ಮಗುವಿಗೆ ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆ ಅಕ್ಕನ ಮಗಳು, ಮಾವನ ಮಗ ಎಂದು ಒಳಗೊಳಗೇ ಸಂಬಂಧ ಬೆಳೆಸುವುದುಂಟು. ಒಂದೇ ಮನೆತನದಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು.

ಇದರ ಸುಳಿವು ‘ಸಿ.ಬಿ.ಸಿ.’ ಎಂಬ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸಿಗುತ್ತದೆ. ಹಾಲಿನ ಚೀಟಿಯಲ್ಲಿ ಫ್ಯಾಟ್ ಜೊತೆ ಎಸ್.ಎನ್.ಎಫ್. ನೋಡುವಂತೆ, ಇಲ್ಲಿ ಹಿಮೋಗ್ಲೋಬಿನ್ ಜೊತೆ ಮೂರು ಅಂಕಿ ನೋಡಿ:

• ಎಂ.ಸಿ.ವಿ. (ರಕ್ತಕಣದ ಗಾತ್ರ) 80ಕ್ಕಿಂತ ಕಡಿಮೆ
• ಎಂ.ಸಿ.ಎಚ್. 27ಕ್ಕಿಂತ ಕಡಿಮೆ
• ಆರ್.ಬಿ.ಸಿ. (ಕೆಂಪು ಕಣಗಳ ಎಣಿಕೆ) 5ಕ್ಕಿಂತ ಹೆಚ್ಚು

ಕಬ್ಬಿಣಾಂಶದ ಕೊರತೆಯಲ್ಲೂ ಕಣ ಚಿಕ್ಕದಾಗುತ್ತದೆ, ಆದರೆ ಎಣಿಕೆಯೂ ಸಾಮಾನ್ಯವಾಗಿ ಇಳಿಯುತ್ತದೆ. ವಾಹಕರಲ್ಲಿ ಎಣಿಕೆ ಇಳಿಯುವುದಿಲ್ಲ. ಎಂ.ಸಿ.ವಿ.ಯನ್ನು ಆರ್.ಬಿ.ಸಿ.ಯಿಂದ ಭಾಗಿಸಿ, 13ಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ತೋರಿಸಿ. ಉದಾಹರಣೆಗೆ 66 ಭಾಗಿಸು 5.5 ಅಂದರೆ 12. ಇದು ಅನುಮಾನ ಮಾತ್ರ. ಖಚಿತಪಡಿಸಲು ‘ಎಚ್‌ಬಿ ಎ2’ ಪರೀಕ್ಷೆ ಬೇಕು. ಸಿಕಲ್ ಸೆಲ್ ವಾಹಕರು ಸಿ.ಬಿ.ಸಿ.ಯಲ್ಲಿ ಸಿಗದಿರಬಹುದು, ಅದಕ್ಕೆ ಬೇರೆ ಪರೀಕ್ಷೆ ಇದೆ. ಅದರ ನಿರ್ಮೂಲನೆಗೆ ಕೇಂದ್ರ ಸರ್ಕಾರದ ಅಭಿಯಾನ 2023ರ ಜುಲೈ 1ರಂದು ಆರಂಭವಾಗಿದೆ.

ನೀವು ಮಾಡಬೇಕಾದ್ದು:

1. ಹಳೆಯ ರಿಪೋರ್ಟುಗಳನ್ನು ತಾಯಿ ಕಾರ್ಡಿನ ಜೊತೆ ಜೋಪಾನವಾಗಿಡಿ.
2. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
3. ಒಬ್ಬರು ವಾಹಕರೆಂದು ತಿಳಿದರೆ ಗಂಡ, ಅಣ್ಣತಮ್ಮ, ಅಕ್ಕತಂಗಿಯರಿಗೂ ಪರೀಕ್ಷೆ ಮಾಡಿಸಿ.
4. ಮದುವೆಗೆ ಮುಂಚೆ ಮಾಡಿಸುವುದು ಉತ್ತಮ. ಬಸಿರಾಗಿದ್ದರೆ ಮೊದಲ ಮೂರು ತಿಂಗಳೊಳಗೆ ಮಾಡಿಸಿ.

ನಾನು ದನದ ಡಾಕ್ಟರ್. ಮನುಷ್ಯರ ಚಿಕಿತ್ಸೆ ನಿಮ್ಮ ವೈದ್ಯರೇ ಹೇಳಬೇಕು. ಒಂದು ಮಾತು ಮಾತ್ರ ಮರೆಯಬೇಡಿ. ಈ ಕಾಯಿಲೆ ಮಗುವಿಗೆ ಬರುವುದು ತಂದೆ, ತಾಯಿ ಇಬ್ಬರಿಂದಲೂ. ಸೊಸೆಯ ಮೇಲೆ ತಪ್ಪು ಹೊರಿಸಬೇಡಿ.